ನೇರ ಕೆಳಕ್ಕೆ ಬೀಳುವ ರೋಲರ್ ಕೋಸ್ಟರ್‌ನಲ್ಲಿ ಕೊನೆಯ ಸಾಲಲ್ಲಿ ಕೂತರೆ ಭಯ ಕಡಿಮೆಯಾ?

ಎತ್ತರ ಅಂದರೆ ಭಯ, ಜೊತೆಯವರು ಬಿಡುತ್ತಿಲ್ಲ, ಅದಕ್ಕೆ ಕೊನೆಯ ಸಾಲಲ್ಲಿ ಕೂತು ಹೇಗೋ ಮುಗಿಸಿಬಿಡೋಣ ಅಂತ. ಇದೇ ಅಲ್ವಾ ನಿಮ್ಮ ಲೆಕ್ಕ? ಆರು ವರ್ಷದ ಹಿಂದೆ ನನ್ನ ಲೆಕ್ಕವೂ ಇದೇ. ಅದರ ಫಲವಾಗಿ ಹತ್ತು ದಿನ ಕತ್ತು ತಿರುಗಲಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಬಾಗಿಲು ತಿರುಗಿದ ಹಾಗೆ ಇಡೀ ಮೈ ತಿರುಗಿಸಿ ನೋಡುತ್ತಿದ್ದೆ.

ನನ್ನನ್ನು ಎಳೆದುಕೊಂಡು ಹೋದವಳು ಅಣ್ಣನ ಮಗಳು. ಆಗ ಅವಳಿಗೆ ಹದಿಮೂರು. ಹೀಗೆ ನೇರ ಕೆಳಕ್ಕೆ ಬೀಳುವ ಡೈವ್ ಕೋಸ್ಟರ್‌ಗಳ ಪುರಾಣವೆಲ್ಲ ಅವಳಿಗೆ ಬಾಯಿಪಾಠ. ಒಂದೂವರೆ ಗಂಟೆ ಸಾಲಲ್ಲಿ ನಿಂತಿದ್ದೆವು, ಅಷ್ಟೂ ಹೊತ್ತು ಅದೇ ಮಾತು. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 1998ರಲ್ಲಿ ಬಂದ ಒಬ್ಲಿವಿಯನ್ ಈ ಜಾತಿಯಲ್ಲಿ ಮೊದಲನೆಯದಂತೆ. ಕಟ್ಟಿದ್ದು ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಬಿಯಾರ್ ಅನ್ನುವ ಕಂಪನಿ. ಅದು ಬೀಳುವ ಕೋನ 87.5 ಡಿಗ್ರಿ. 2005ರಲ್ಲಿ ಅಮೆರಿಕದ ಟ್ಯಾಂಪಾದಲ್ಲಿ ಬಂದ ಶೀಕ್ರಾ 90 ಡಿಗ್ರಿ, ಅಂದರೆ ಗೋಡೆ ಥರ ನೆಟ್ಟಗೆ. ಶಿಕ್ರಾ ಅನ್ನುವ ಗಿಡುಗದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಕೆನಡಾದಲ್ಲಿ 2019ರಲ್ಲಿ ಬಂದ ಯುಕಾನ್ ಸ್ಟ್ರೈಕರ್ ಗಂಟೆಗೆ 130 ಕಿಲೋಮೀಟರ್ ವೇಗ ಮುಟ್ಟುತ್ತದೆ. ಜಪಾನಿನ ತಕಾಬಿಶಾ ಬೇರೆ ಕಂಪನಿಯದು. ಅದು 121 ಡಿಗ್ರಿ, ಅಂದರೆ ಬೀಳುವಾಗ ಒಳಮುಖಕ್ಕೇ ಬಾಗಿರುತ್ತದೆ. ನಾನು ಹೂಂ ಹೂಂ ಅನ್ನುತ್ತಿದ್ದೆ. ಕಣ್ಣು ಮಾತ್ರ ಮೇಲಿಂದ ಬೀಳುತ್ತಿದ್ದ ಜನರ ಮೇಲೆ.

ಈ ಮಾತಿನ ನಡುವೆ ಅವಳು ಒಂದು ಕೆಲಸದ ಮಾತು ಹೇಳಿದ್ದಳು. "ಚಿಕ್ಕಪ್ಪ, ಬೀಳುವಾಗ ತಲೆ ಸೀಟಿಗೆ ಒರಗಿಸ್ಕೊ." ನನಗೆ ಅದು ಕಿವಿಗೇ ಬೀಳಲಿಲ್ಲ. ಕೊನೆಯ ಸಾಲು ಸಿಗಬೇಕಾದರೆ ಎಲ್ಲಿ ನಿಲ್ಲಬೇಕು ಅಂತ ಯೋಚಿಸುತ್ತಿದ್ದೆ.

ಸಿಕ್ಕಿತು. ಕೊನೆಯ ಸಾಲು, ಅದರಲ್ಲೂ ತುದಿಯ ಸೀಟು. ಇವು ಸಾಮಾನ್ಯ ಕೋಸ್ಟರ್ ಥರ ಉದ್ದ ಇರುವುದಿಲ್ಲ. ಎರಡೋ ಮೂರೋ ಸಾಲು, ಒಂದೊಂದರಲ್ಲಿ ಎಂಟು ಹತ್ತು ಜನ ಕೂರುವಷ್ಟು ಅಗಲ. ಹಳಿ ಇರುವುದು ನಡುವೆ ಮಾತ್ರ. ತುದಿಯಲ್ಲಿ ಕೂತವನ ಕೆಳಗೆ ಹಳಿಯೂ ಇಲ್ಲ, ಏನೂ ಇಲ್ಲ. ಇದು ನನಗೆ ಗೊತ್ತಾಗಿದ್ದು ಅರ್ಧ ಮೇಲೆ ಹತ್ತಿದ ಮೇಲೆ.

ತುದಿಗೆ ಬಂದಾಗ ಒಂದು ಚೈನು ರೈಲನ್ನು ಹಿಡಿದು ಅಂಚಿನಲ್ಲಿ ನಿಲ್ಲಿಸುತ್ತದೆ. ಮುಂದಿನ ಸಾಲಿನವರು ಆಗಲೇ ಅಂಚಿನಾಚೆ ನೆಲ ನೋಡುತ್ತಾ ನೇತಾಡುತ್ತಿರುತ್ತಾರೆ. ನನಗೆ ಕಂಡಿದ್ದು ಮುಂದಿನ ಸೀಟಿನ ಬೆನ್ನು ಅಷ್ಟೇ. ಆಹಾ, ಬಚಾವಾದೆ ಅಂದುಕೊಂಡೆ. ಚೈನು ಬಿಟ್ಟಿತು. ಮುಂದಿನವರು ಅಂಚು ದಾಟುವಾಗ ರೈಲು ಇನ್ನೂ ನಿಧಾನ. ಕೊನೆಯವರ ಸರದಿ ಬರುವಷ್ಟರಲ್ಲಿ ಅದು ವೇಗ ಹಿಡಿದಿರುತ್ತದೆ, ಹಿಂದಿನವರನ್ನು ಹಗ್ಗ ಕಟ್ಟಿ ಎಳೆದ ಹಾಗೆ ಎಳೆದುಕೊಳ್ಳುತ್ತದೆ. ಸೀಟಿನಿಂದ ಎದ್ದು ಭುಜದ ಪಟ್ಟಿಗೆ ಅಂಟಿಕೊಂಡೆ. ಹಾಗಾಗಿ ಕೊನೆಯ ಸಾಲು ಮೆತ್ತಗಿನದು ಅನ್ನುವುದು ಸುಳ್ಳು. ನೋಟ ಕಡಿಮೆ, ಎಳೆತ ಜಾಸ್ತಿ.

ಆದರೆ ನನ್ನ ಕತ್ತು ಹೋಗಿದ್ದು ಇದರಿಂದ ಅಲ್ಲ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ನೀವೂ ಇದನ್ನೇ ಮಾಡುತ್ತೀರಿ ಅಂತ ನನಗೆ ಗ್ಯಾರಂಟಿ. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿ, ಗದ್ದ ಎದೆಗೆ ಒತ್ತಿ, ಉಸಿರು ಬಿಗಿಹಿಡಿದು, ಆಮೆ ಥರ ಮುದುಡಿ ಕೂತಿದ್ದೆ. ಹೆದರಿದ ಮನುಷ್ಯ ಮಾಡುವುದೇ ಅದು. ಬೀಳುವಾಗ ಏನೂ ತೊಂದರೆ ಆಗಲಿಲ್ಲ, ಯಾಕಂದರೆ ಬೀಳುವಾಗ ತಲೆಗೆ ತೂಕವೇ ಗೊತ್ತಾಗುವುದಿಲ್ಲ. ಉಪಾಯ ಫಲಿಸಿತು ಅಂತ ಖುಷಿಪಟ್ಟೆ. ಅಷ್ಟರಲ್ಲಿ ಕೆಳಗೆ ಹಳಿ ಬಾಗಿ ಮೇಲಕ್ಕೆ ತಿರುಗಿತು. ಅಲ್ಲಿ ಮೈಮೇಲೆ ಬೀಳುವ ಒತ್ತಡ ಸುಮಾರು 4 ಜಿ, ಅಂದರೆ ಮಾಮೂಲಿ ತೂಕದ ನಾಲ್ಕು ಪಟ್ಟು. ಮನುಷ್ಯನ ತಲೆ ಹತ್ತಿರ ಹತ್ತಿರ 5 ಕಿಲೋ. ಅಂದರೆ ಆ ಕ್ಷಣಕ್ಕೆ ಅದು 20 ಕಿಲೋ. ಬೆನ್ನು ನೆಟ್ಟಗಿದ್ದು ತಲೆ ಸೀಟಿಗೆ ಒರಗಿದ್ದರೆ ಆ ಭಾರ ಬೆನ್ನುಮೂಳೆಯ ಮೇಲೆ ಇಳಿದುಹೋಗುತ್ತದೆ. ಬಗ್ಗಿಸಿಕೊಂಡಿದ್ದರೆ ಅಷ್ಟನ್ನೂ ಹೊರಬೇಕಾದ್ದು ಕತ್ತಿನ ಹಿಂದಿನ ಸ್ನಾಯುಗಳು. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಳ್ಳುವುದಕ್ಕೂ ಕೈ ಮುಂದೆ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ನಾನು ಚಾಚಿ ಹಿಡಿದಿದ್ದೆ. ಅದೂ ಕಣ್ಣು ಮುಚ್ಚಿ, ತಿರುವು ಯಾವಾಗ ಬರುತ್ತದೆ ಅನ್ನುವುದೂ ಗೊತ್ತಿಲ್ಲದೆ. ಕತ್ತಲ್ಲಿ ಚಟ್ ಅಂತು. ಎತ್ತೋಣ ಅಂದರೆ ತಲೆ ಮೇಲೇಳಲಿಲ್ಲ. ಆಮೇಲೆ ಒಂದು ಸಲ ತಲೆಕೆಳಗಾದೆವಂತೆ, ಇನ್ನೊಂದು ಸಲ ಬಿದ್ದೆವಂತೆ. ನಾನು ಕಂಡಿದ್ದು ನನ್ನ ಅಂಗಿಯ ಎರಡನೇ ಗುಂಡಿ.

ಹಾಗಾಗಿ ಕೊನೆಯ ಸಾಲಿನ ಆಸೆಯನ್ನೇ ಬಿಟ್ಟುಬಿಡಿ. ಹೋಗುವುದಾದರೆ ಮುಂದಿನ ಸಾಲಿನ ನಟ್ಟನಡುವೆ ಕೂರಿ. ಹುಚ್ಚು ಅನ್ನಿಸಬಹುದು. ಆದರೆ ಅಲ್ಲಿ ಮುಂದೇನು ಅಂತ ಕಣ್ಣಿಗೆ ಕಾಣುತ್ತದೆ, ಮೈ ತಾನೇ ತಯಾರಾಗುತ್ತದೆ. ತಲೆ ಹಿಂದಕ್ಕೆ, ಕಣ್ಣು ತೆರೆದು, ಚೈನು ಬಿಟ್ಟ ಕೂಡಲೇ ಕಿರುಚಿ. ಕಿರುಚುವವನು ಉಸಿರು ಕಟ್ಟಲಾರ. ಹಳಿ ತಪ್ಪುತ್ತದಾ ಅನ್ನುವ ಚಿಂತೆ ಬೇಡ, ಚಕ್ರಗಳು ಹಳಿಯನ್ನು ಮೇಲಿಂದ, ಪಕ್ಕದಿಂದ, ಕೆಳಗಿಂದ ಮೂರು ಕಡೆಯೂ ಹಿಡಿದಿರುತ್ತವೆ. ಇನ್ನೊಂದು ಮಾತು. 60 ಮೀಟರ್ ಬೀಳಲು ಬೇಕಾದ್ದು ಮೂರೂವರೆ ಸೆಕೆಂಡು ಚಿಲ್ಲರೆ. ಅಂಚಿನಲ್ಲಿ ನಿಲ್ಲಿಸುವುದೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ನಿಮ್ಮ ಭಯವೆಲ್ಲ ಇರುವುದು ಆ ನಿಂತ ಹೊತ್ತಲ್ಲಿ. ಅದಕ್ಕೆ ಯಾವ ಸಾಲಲ್ಲೂ ರಿಯಾಯಿತಿ ಇಲ್ಲ.

ಕತ್ತು, ಬೆನ್ನು, ಹೃದಯದ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಹತ್ತಲೇಬೇಡಿ. ಜೊತೆಯವರು ಬಿಡುತ್ತಿಲ್ಲ ಅನ್ನುವುದು ನಿಜಕ್ಕೂ ಒಂದು ಕಾರಣವಾ? ಸೀಟಿನ ತನಕ ಹೋಗಿ, ಪಟ್ಟಿ ಹಾಕುವ ಮೊದಲು ಆ ಕಡೆಯಿಂದ ಇಳಿದು ಹೋಗುವವರು ಇದ್ದೇ ಇರುತ್ತಾರೆ. ಅಲ್ಲಿನ ಹುಡುಗರು ಅವರ ಮುಖವನ್ನೂ ನೋಡುವುದಿಲ್ಲ. ಅವತ್ತು ನಾನು ಹಾಗೆ ಇಳಿದು ಹೋಗಿದ್ದರೆ ಅಣ್ಣನ ಮಗಳು ಒಂದು ದಿನ ನಗುತ್ತಿದ್ದಳು.

ಈಗ ಆರು ವರ್ಷದಿಂದ ನಗುತ್ತಿದ್ದಾಳೆ. ಬೀಳುವಾಗ ಅಲ್ಲಿನ ಕ್ಯಾಮೆರಾ ತೆಗೆದ ಫೋಟೋದಲ್ಲಿ ಎಲ್ಲರ ಬಾಯಿ ತೆರೆದಿದೆ, ಕೈ ಮೇಲಿದೆ. ನಾನು ಇರಬೇಕಾದ ಜಾಗದಲ್ಲಿ ಒಂದು ಬೋಳು ನೆತ್ತಿ. ಎರಡು ವರ್ಷ ಬಿಟ್ಟು ಮುಂದಿನ ಸಾಲಲ್ಲಿ ಕೂತು ಬಂದೆ, ಕತ್ತು ಸರಿಯಾಗಿಯೇ ಇತ್ತು, ಆ ಫೋಟೋದಲ್ಲಿ ಮುಖವೂ ಇದೆ. ಆದರೂ ನಾನು ಫೋನ್ ಮಾಡಿದಾಗ ಅವಳ ಮೊಬೈಲಿನಲ್ಲಿ ಮೂಡುವುದು ಆ ನೆತ್ತಿಯೇ.