'ಆರರವರೆಗೆ' ಅಂದರೆ ಆರೂ ಸೇರಿತಾ?

ಪ್ರಶ್ನೆ: ಶಾಲಾ ಮಕ್ಕಳು ಕನ್ನಡದಲ್ಲೇ ಕೋಡ್ ಬರೆಯಲಿ ಎಂದು ಗೆಳೆಯರೆಲ್ಲ ಸೇರಿ ಪುಟ್ಟ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಮಾಡುತ್ತಿದ್ದೇವೆ. ಪಟ್ಟಿಯ ಇಂಡೆಕ್ಸ್ (ಪಟ್ಟಿಯಲ್ಲಿ ಒಂದೊಂದರ ಸ್ಥಾನ ಹೇಳುವ ಸಂಖ್ಯೆ) 0ಯಿಂದ ಶುರುವಾಗಬೇಕೋ, 1ರಿಂದಲೋ? ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್‌ನಲ್ಲಿ ಸುತ್ತು ಎಣಿಸುವ ಕೌಂಟರ್ ಹೇಗಿರಬೇಕು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಉಡುಪಿ

ಉತ್ತರ: ನೀವು ದಿನಾ ನೋಡುವ ಬಸ್ಸನ್ನೇ ತೆಗೆದುಕೊಳ್ಳಿ. ಮಂಗಳೂರು, ಸುರತ್ಕಲ್, ಮುಲ್ಕಿ, ಪಡುಬಿದ್ರಿ, ಕಾಪು, ಉಡುಪಿ. ಎಣಿಸಿದರೆ ಆರು ಊರು. ಆದರೆ ಮಂಗಳೂರಲ್ಲಿ ಹತ್ತಿ ಕೂತಾಗ ಎಷ್ಟು ಊರು ಮುಂದೆ ಬಂದಿದ್ದೀರಿ? ಸೊನ್ನೆ. ಉಡುಪಿಯಲ್ಲಿ ಇಳಿಯುವಾಗ ಐದು. ಸಿ, ಜಾವಾ, ಪೈಥಾನ್ ಭಾಷೆಗಳ ಇಂಡೆಕ್ಸ್ ಹೀಗೆ ಮುಂದೆ ಬಂದ ಲೆಕ್ಕ. ಲುವಾ, ಜೂಲಿಯಾಗಳದ್ದು ಎಣಿಸಿದ ಲೆಕ್ಕ. ಎರಡೂ ಸರಿಯೇ. ಎರಡನ್ನೂ ಬೆರೆಸಿದಾಗಲೇ ಉಡುಪಿ ಪಟ್ಟಿಯಿಂದ ಬಿದ್ದುಹೋಗುವುದು.

0ಯ ಪರವಾಗಿ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲೇ ಗಟ್ಟಿಯಾಗಿ ವಾದಿಸಿದ್ದರು. ಮೊದಲ ಸಂಖ್ಯೆ ಸೇರಿಸಿ ಕೊನೆಯದನ್ನು ಬಿಟ್ಟರೆ, ಕೊನೆಯದರಿಂದ ಮೊದಲಿನದನ್ನು ಕಳೆದಾಗ ಎಷ್ಟು ಇವೆ ಅನ್ನೋದು ನೇರವಾಗಿ ಸಿಗುತ್ತದೆ. ಶುರು 0 ಆದರಂತೂ ಆ ಬಿಟ್ಟ ಸಂಖ್ಯೆಯೇ ಒಟ್ಟು ಲೆಕ್ಕ. ಪಟ್ಟಿಯನ್ನು ತುಂಡು ಮಾಡುವಾಗ ಇದು ತುಂಬಾ ಅನುಕೂಲ.

ಆದರೂ ನಿಮಗೆ ನಾನು ಹೇಳುವುದು 1. ಕಾರಣ ನಮ್ಮ 'ವರೆಗೆ' ಎಂಬ ಪದ. ಮಗುವಿಗೆ 'ಆರರವರೆಗೆ ಎಣಿಸು' ಅಂದರೆ ಅದು ಆರನ್ನೂ ಹೇಳಿಯೇ ನಿಲ್ಲಿಸುತ್ತದೆ, ಅಲ್ವಾ? ಸಂಖ್ಯೆಗಳ ಸಾಲು ಕೊಡುವ ಪೈಥಾನ್‌ನ ರೇಂಜ್‌ಗೆ 1, 6 ಕೊಟ್ಟರೆ ಅದು 5ಕ್ಕೇ ನಿಲ್ಲುತ್ತದೆ. ಆ ಅರ್ಥವನ್ನು 'ವರೆಗೆ' ಮೇಲೆ ಹೇರಬೇಡಿ. '1ರಿಂದ 6ರವರೆಗೆ' ಅಂದರೆ ಆರೂ ಸೇರಲಿ. ಕೊನೆಯದು ಬೇಡವಾದಾಗ ಬೇರೆ ಪದ ಇಡಿ. ಸ್ವಿಫ್ಟ್ ಭಾಷೆಯಲ್ಲೂ ಎರಡಕ್ಕೆ ಎರಡು ಗುರುತುಗಳಿವೆ.

ಇನ್ನು ಕೌಂಟರ್. ಹೆಚ್ಚಿನ ಸಲ ಅದು ಬೇಕಾಗುವುದೇ ಇಲ್ಲ:

ಊರುಗಳಲ್ಲಿ ಪ್ರತಿ ಊರು:
    ಬರೆ ಊರು

ಕನ್ನಡದ ವಾಕ್ಯದಂತೆಯೇ ಓದಿಸಿಕೊಂಡು ಹೋಗುತ್ತದೆ ನೋಡಿ. ಸಂಖ್ಯೆಯೂ ಬೇಕಾದಾಗ 'ಊರುಗಳಲ್ಲಿ ಪ್ರತಿ ಕ್ರಮ, ಊರು:' ಎಂದಿರಲಿ.

ಲೂಪ್‌ನ ಒಳಗೆ ಕೌಂಟರ್ ಬದಲಿಸಲು ಬಿಡಬೇಡಿ. ಪ್ರತಿ ಸುತ್ತಿಗೂ ಹೊಸ ಕೌಂಟರ್ ಹುಟ್ಟಲಿ. ಗೋ ಭಾಷೆಯಲ್ಲಿ ಮೊದಲು ಎಲ್ಲ ಸುತ್ತಿಗೂ ಒಂದೇ ವೇರಿಯಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು) ಇತ್ತು. ಆಮೇಲೆ ಓಡಿಸೋಣ ಎಂದು ಎತ್ತಿಟ್ಟ ಫಂಕ್ಷನ್‌ಗಳಿಗೆಲ್ಲ (ಹೆಸರು ಕರೆದಾಗ ಓಡುವ ಕೋಡ್ ತುಣುಕುಗಳಿಗೆ) ಕೊನೆಯ ಬೆಲೆಯೇ ಕಾಣುತ್ತಿತ್ತು. ನಾನೂ ಇದರಲ್ಲಿ ಒಂದು ಇಡೀ ಸಂಜೆ ಕಳೆದಿದ್ದೇನೆ. 2024ರ 1.22 ಆವೃತ್ತಿಯಲ್ಲಿ ಅದನ್ನು ಸರಿಮಾಡಿದರು.

ಕೊನೆಗೊಂದು ಮಾತು. ಬೇರೆ ಪ್ರೋಗ್ರಾಮಿಂಗ್ ಭಾಷೆ ಕಲಿತ ಮಗು ಮೊದಲ ಊರು ಬೇಕೆಂದು ಊರುಗಳು[0] ಎಂದು ಬರೆದೇ ಬರೆಯುತ್ತದೆ. ಲುವಾದ ಹಾಗೆ ಸುಮ್ನೆ ಖಾಲಿ ಬೆಲೆ ಕೊಟ್ಟುಬಿಡಬೇಡಿ. 'ಈ ಪಟ್ಟಿ 1ರಿಂದ 6ರವರೆಗೆ ಇದೆ, ನೀನು 0 ಕೇಳಿದ್ದೀಯ' ಎಂದು ನಿಮ್ಮ ಭಾಷೆ ಕನ್ನಡದಲ್ಲೇ ಹೇಳಲಿ.