ಹೋಟೆಲ್ ರಿಸೆಪ್ಶನ್ ಬಿಟ್ಟು ಆಸ್ಪತ್ರೆ ಡೆಸ್ಕ್‌ಗೆ

ಪ್ರಶ್ನೆ: ಬಿಕಾಂ ಆಗಿದೆ, ನಾಲ್ಕು ವರ್ಷದಿಂದ ಹೋಟೆಲ್ ರಿಸೆಪ್ಶನ್‌ನಲ್ಲಿದೀನಿ. ಈಗ ಪ್ರೈವೇಟ್ ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕ್‌ಗೆ ಇಂಟರ್‌ವ್ಯೂ ಕರೆದಿದಾರೆ. ಆಸ್ಪತ್ರೆ ಅನುಭವ ಇಲ್ವಲ್ಲ ಅಂದ್ರೆ ಏನ್ ಹೇಳ್ಲಿ ಮೇಡಂ? — ಓದುಗಿ, ಶಿವಮೊಗ್ಗ

ಉತ್ತರ: ಇಲ್ಲ ಅಂತಾನೇ ಹೇಳಿ, ಅದರಲ್ಲೇನಿದೆ. ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, 'ಕಮ್ಯುನಿಕೇಶನ್ ಚೆನ್ನಾಗಿದೆ, ಪ್ರೆಶರ್ ತಡ್ಕೋತೀನಿ' ಅಂತಾನೂ ಶುರು ಮಾಡ್ಬೇಡಿ, ಎಚ್‌ಆರ್‌ನೋರಿಗೆ ಅದು ಕೇಳಿ ಕೇಳಿ ಸಾಕಾಗಿರುತ್ತೆ. ನಿಮ್ಮ ಕೌಂಟರ್‌ನಲ್ಲಿ ನಿಜವಾಗ್ಲೂ ನಡೆದಿದ್ದು ಒಂದು ಹೇಳಿ. ಚೆಕ್‌ಔಟ್ ಟೈಮಲ್ಲಿ ಬಿಲ್ ಲೇಟಾಗಿ ಗೆಸ್ಟ್ ಕೂಗಾಡಿದ್ದು, ನೀವು ಏನ್ ಮಾಡಿದ್ರಿ, ಕೊನೆಗೆ ಏನಾಯ್ತು, ಇಷ್ಟು.

ಯಾಕಂದ್ರೆ ಆ ಡೆಸ್ಕ್‌ನಲ್ಲೂ ಜಗಳ ಬರೋದು ಡಿಸ್ಚಾರ್ಜ್ ಟೈಮಲ್ಲೇ. ಬೆಳಗ್ಗೆ ಡಾಕ್ಟರ್ 'ಮನೆಗೆ ಹೋಗಿ' ಅಂದಿರ್ತಾರೆ, ಡಿಸ್ಚಾರ್ಜ್ ಸಮ್ಮರಿ, ಫೈನಲ್ ಬಿಲ್ ಎಲ್ಲಾ ರೆಡಿಯಾಗಿ ಇನ್ಶೂರೆನ್ಸ್‌ನೋರಿಗೆ ಹೋಗೋ ಹೊತ್ತಿಗೆ ಮಧ್ಯಾಹ್ನ, ಮನೆಯವ್ರು ನಿಮ್ಮ ಮುಂದೆ ನಿಂತಿರ್ತಾರೆ. ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐನ 2024ರ ನಿಯಮದ ಪ್ರಕಾರ ಕ್ಯಾಶ್‌ಲೆಸ್ (ಬಿಲ್‌ನ ಕಂಪನಿನೇ ನೇರವಾಗಿ ಆಸ್ಪತ್ರೆಗೆ ಕಟ್ಟೋದು) ರಿಕ್ವೆಸ್ಟ್‌ಗೆ 1 ಗಂಟೆ, ಡಿಸ್ಚಾರ್ಜ್ ಅಪ್ರೂವಲ್‌ಗೆ 3 ಗಂಟೆ ಒಳಗೆ ಕಂಪನಿ ಉತ್ತರ ಕೊಡ್ಬೇಕು. ಇದನ್ನ ಓದ್ಕೊಂಡು ಹೋಗಿ, ಹೊಸಬ್ರು ಯಾರೂ ಹೇಳಲ್ಲ.

ನಿಮ್ಗೆ ಇನ್ನೊಂದು ಅನುಕೂಲ ಇದೆ, ರೂಮ್ ರೇಟ್ ವಿವರಿಸೋದು. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಲಿಮಿಟ್ ಇದ್ದು, ಅದಕ್ಕಿಂತ ದುಬಾರಿ ರೂಮ್ ತಗೊಂಡ್ರೆ ಬಾಡಿಗೆ ವ್ಯತ್ಯಾಸ ಒಂದೇ ಅಲ್ಲ, ಡಾಕ್ಟರ್ ಫೀಸ್‌ನಂಥದ್ರಲ್ಲೂ ಅದೇ ಲೆಕ್ಕದಲ್ಲಿ ಕಟ್ ಆಗ್ಬಹುದು. ಅಡ್ಮಿಟ್ ಆಗೋವಾಗ್ಲೇ ಇದನ್ನ ಬಿಡಿಸಿ ಹೇಳೋರು ಸಿಕ್ಕಿದ್ರೆ ಆಸ್ಪತ್ರೆಗೂ ತಲೆನೋವು ಕಮ್ಮಿ.

ಆದ್ರೆ ಹೋಟೆಲ್ ಅಭ್ಯಾಸ ಎರಡು ಬಿಡ್ಬೇಕು, ಬಿಡ್ಬೇಕು ಅಂತ ಗೊತ್ತಿದೆ ಅನ್ನೋದನ್ನ ಇಂಟರ್‌ವ್ಯೂನಲ್ಲೇ ಹೇಳಿ, ನನ್ ಪ್ರಕಾರ ಕೆಲ್ಸ ಸಿಗೋದೇ ಅಲ್ಲಿ. ಒಂದು, '204 ನಂಬರ್‌ನೋರು' ಅನ್ನೋದು. ಆಸ್ಪತ್ರೆಯಲ್ಲಿ ಪೇಷಂಟ್‌ನ ಗುರುತು ಹಿಡಿಯೋದು ಹೆಸ್ರು, ಆಸ್ಪತ್ರೆ ಐಡಿ ನಂಬರ್ ಎರಡೂ ನೋಡಿ, ರೂಮ್ ನಂಬರ್‌ನಿಂದ ಅಲ್ಲ. ಇನ್ನೊಂದು, 'ಆಗುತ್ತೆ ಸಾರ್, ನಾವ್ ನೋಡ್ಕೋತೀವಿ' ಅನ್ನೋದು. ಅಪ್ರೂವಲ್ ಬರದೆ ಪೂರ್ತಿ ಕ್ಯಾಶ್‌ಲೆಸ್ ಅಂತ ಬಾಯ್ಬಿಟ್ರೆ ಸಂಜೆ ಅನುಭವಿಸೋದು ನೀವೇ.

ಆಮೇಲೆ ಆಯುಷ್ಮಾನ್ ಕೇಸ್‌ಗಳೂ ನಿಮ್ ಡೆಸ್ಕ್‌ಗೇ ಬರುತ್ವಾ ಇಲ್ಲಾ ಅದಕ್ಕೆ ಬೇರೆಯವ್ರು ಇದಾರಾ, ನೈಟ್ ಶಿಫ್ಟ್ ಎಷ್ಟು, ಇದನ್ನ ನೀವೇ ಕೇಳ್ಕೊಂಡ್ ಬನ್ನಿ.