ಪ್ರತಿಕ್ರಿಯೆ: ಪ್ರಾಜೆಕ್ಟ್ ಜಾಸ್ತಿಯಾದರೆ ಗಣಿತ ಹಿಂದೆ ಬೀಳುತ್ತಾ?

ಆರನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಪಾಠಕ್ಕಿಂತ ಪ್ರಾಜೆಕ್ಟೇ ಜಾಸ್ತಿ, ಗಣಿತದಲ್ಲಿ ಹಿಂದೆ ಬೀಳುತ್ತಾಳಾ ಎಂದು ಕೇಳಿದ್ದೀರಿ. ನಾನೂ ಪುಣೆಯಲ್ಲೇ ಇರುವುದು, ನನ್ನ ಮಗನಿಗೂ ಅದೇ ವಯಸ್ಸು.

ಮನೆಯಲ್ಲಿ ಒಮ್ಮೆ ಇದನ್ನು ಮಾಡಿ ನೋಡಿ. ಸೈಕಲ್ ವಾಲ್ವ್ ಟ್ಯೂಬನ್ನು (ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ) ಚಿಕ್ಕ ಚಿಕ್ಕ ತುಂಡು ಮಾಡಿ, ಮದ್ದು ತೆಗೆದ ಬೆಂಕಿಕಡ್ಡಿಗಳನ್ನು ಅದರಿಂದ ಜೋಡಿಸಿ. ಮೂರು ಕಡ್ಡಿಯ ತ್ರಿಕೋನ ಗಟ್ಟಿಯಾಗಿ ನಿಲ್ಲುತ್ತದೆ. ನಾಲ್ಕರ ಚೌಕ ಒತ್ತಿದ ಕೂಡಲೇ ಓರೆಯಾಗುತ್ತದೆ. ಅದನ್ನು ನಿಲ್ಲಿಸುವುದು ಹೇಗೆ ಅಂತ ಹೇಳಿಕೊಡಬೇಡಿ, ಸುಮ್ನೆ ಕಾಯಿರಿ. ನನ್ನ ಮಗ ಅರ್ಧ ಗಂಟೆ ಒದ್ದಾಡಿ, ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಸೇರಿಸಿದ. ಆಮೇಲೆ ರೈಲು ಸೇತುವೆ ಕಂಡಾಗಲೆಲ್ಲ ತ್ರಿಕೋನ ಎಣಿಸುತ್ತಾನೆ. ಇದೂ ಗಣಿತವೇ ಅಲ್ವಾ?

ಈ ಆಟ ಅರವಿಂದ ಗುಪ್ತಾ ಅವರಿಂದ ಬಂದದ್ದು. ನಮ್ಮ ಪುಣೆಯ ಅಯುಕಾ ಎಂಬ ಖಗೋಳ ವಿಜ್ಞಾನ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. 2018ರಲ್ಲಿ ಪದ್ಮಶ್ರೀ ಬಂತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರರ ಬಳಿ ಕಲಿಯಲಿ ಎನ್ನುತ್ತದೆ.

ಆದರೆ ಹಿಂದಿನ ರಾತ್ರಿ ಅಪ್ಪ ಅಮ್ಮ ಥರ್ಮಾಕೋಲ್ ಕತ್ತರಿಸುವ ಪ್ರಾಜೆಕ್ಟ್ ಆದರೆ ನಿಮ್ಮ ಭಯ ಸರಿಯೇ. ಪ್ರಾಜೆಕ್ಟಿನ ಪ್ರಶ್ನೆ ಯಾರದು, ಮಗುವಿನದಾ ಟೀಚರದಾ ಎಂದು ಮುಂದಿನ ಪೋಷಕರ ಸಭೆಯಲ್ಲಿ ಕೇಳಿ.